ನೀರುಳ್ಳಿ ರಾಶಿಯ ಕೆಳಗೊಂದು ಹಿಮದ ಅಂಗಳ

ಇಡೀ ಗಲ್ಫಿನಲ್ಲಿ ನೀರುಳ್ಳಿ ರಾಶಿಯ ಮುಂದೆ ನಿಂತು ಇತಿಹಾಸದ ಪಾಠ ಮಾಡುವವರು ಯಾರಾದರೂ ಇದ್ದರೆ ಅದು ನನ್ನ ಭಾವ ಒಬ್ಬರೇ! ಬೇಕಾದರೆ ಪ್ರಮಾಣ ಮಾಡಿ ಹೇಳುತ್ತೇನೆ. ಆ ಪಾಠವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಈಗೀಗ ನೀರುಳ್ಳಿ ಹೆಚ್ಚುವಾಗ ನನಗೆ ಕಣ್ಣೀರಿನ ಬದಲು ಚಳಿ ಬರುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೆಸರು ಬರೆದರೆ ಅಕ್ಕ ಇನ್ನು ಮುಂದೆ ನನಗೆ ನೀರುದೋಸೆ ಹಾಕಲಿಕ್ಕಿಲ್ಲ, ಆದ್ದರಿಂದ ಭಾವ ಎಂದೇ ಇರಲಿ. ಕಾರ್ಕಳದ ಕಡೆಯವರು. ಮೀಸೆ ಆಗಷ್ಟೇ ಚಿಗುರಿದ ಕಾಲದಲ್ಲಿ ದುಬೈಗೆ ಬಂದು ಒಂದು ಹೋಟೆಲಿನ ರಿಸೆಪ್ಷನ್ನಿನಲ್ಲಿ ನಿಂತವರು, ಮೀಸೆ ಪೂರ್ತಿ ಬೆಳ್ಳಗಾದ ಮೇಲೂ ಅಲ್ಲೇ ನಿಂತಿದ್ದಾರೆ. ಅಲ್ ನಹ್ದಾ ಬಡಾವಣೆಯಲ್ಲಿ ಅವರದೂ ನಮ್ಮದೂ ಒಂದೇ ಕಟ್ಟಡ; ಅವರು ಮೇಲಿನ ಮಹಡಿ, ನಾವು ಕೆಳಗೆ. ಭಾವ ಅಲ್ಲಿ ನಕ್ಕರೆ ನಮ್ಮ ಷೋಕೇಸಿನ ಗಾಜಿನ ಲೋಟಗಳು ಇಲ್ಲಿ ಒಂದಕ್ಕೊಂದು ತಾಗಿ ಟಿಣ್ ಎನ್ನುತ್ತವೆ.

ಊರಿನಿಂದ ದುಬೈಗೆ ಬಂದವರು ಏನೇನು ನೋಡಬೇಕು? ಆಕಾಶಕ್ಕೆ ತಾಗುವ ಕಟ್ಟಡ, ಕುಣಿಯುವ ಕಾರಂಜಿ, ಚಿನ್ನದ ಅಂಗಡಿಗಳ ಬೀದಿ, ಒಂದು ಒಂಟೆ. ಅಲ್ಲವೇ? ಭಾವನ ಕೈಗೆ ಸಿಕ್ಕಿದರೆ ಇದ್ಯಾವುದೂ ಇಲ್ಲ! ಅವರ ಕಾರು ವಿಮಾನ ನಿಲ್ದಾಣದಿಂದ ಸೀದಾ ಹೋಗಿ ನಿಲ್ಲುವುದು ಒಂದು ಸೂಪರ್ ಮಾರ್ಕೆಟ್ಟಿನ ಮುಂದೆ. ನಮ್ಮ ಅಮ್ಮ ಮೊದಲ ಸಲ ಬಂದಾಗಲೂ ಹಾಗೆಯೇ ಆಯಿತು. ವಿಮಾನದ ತಲೆಸುತ್ತು ಇನ್ನೂ ಇಳಿಯದ ಅಮ್ಮನನ್ನು ತರಕಾರಿ ವಿಭಾಗಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿದರು.

"ಅತ್ತೆ, ನೀವು ಈಗ ಎಲ್ಲಿ ನಿಂತಿದ್ದೀರಿ ಗೊತ್ತುಂಟಾ?"

"ನೀರುಳ್ಳಿ ಹತ್ರ," ಎಂದರು ಅಮ್ಮ.

"ಅಲ್ಲ! ಐಸಿನ ಮೇಲೆ!"

ಅಮ್ಮ ಗಾಬರಿಯಿಂದ ಒಂದೊಂದೇ ಕಾಲೆತ್ತಿ ಚಪ್ಪಲಿಯ ಅಡಿ ನೋಡಿಕೊಂಡರು. ಭಾವ ಶುರು ಮಾಡಿಯೇ ಬಿಟ್ಟರು. ಈ ಸೂಪರ್ ಮಾರ್ಕೆಟ್ಟು ಬರುವ ಮೊದಲು ಇಲ್ಲಿ ಒಂದು ಐಸ್ ರಿಂಕ್ ಇತ್ತು. ಅಂದರೆ ಗೋಡೆಯಿಂದ ಗೋಡೆಗೆ ಹಿಮ ಹೆಪ್ಪುಗಟ್ಟಿಸಿದ ಆಟದ ಅಂಗಳ. ಮೀನಿನ ಕೌಂಟರ್ ಇರುವಲ್ಲಿ ಸ್ಕೇಟಿಂಗ್ ಬೂಟು ಬಾಡಿಗೆಗೆ ಕೊಡುತ್ತಿದ್ದರು. ಬೇಕರಿಯ ಜಾಗದಲ್ಲಿ ಬಿಸಿ ಚಾಕೊಲೇಟ್ ಕುಡಿಯುವ ಕೆಫೆ. ಬಿಲ್ಲಿಂಗ್ ಸಾಲು ಇರುವಲ್ಲಿ ಐಸ್ ಹಾಕಿಯ ಗೋಲು. "ಮತ್ತೆ ಈ ನೀರುಳ್ಳಿ ರಾಶಿ ಉಂಟಲ್ಲ, ಇದು ರಿಂಕಿನ ಸರೀ ಮಧ್ಯ!" ಎಂದು ಎರಡೂ ಕೈ ಮೇಲೆತ್ತಿ ಘೋಷಿಸಿದರು. ಪಕ್ಕದಲ್ಲಿ ಬದನೆಕಾಯಿ ಆರಿಸುತ್ತಿದ್ದ ಫಿಲಿಪೈನ್ಸಿನ ಹೆಂಗಸೊಬ್ಬಳು ಬದನೆಕಾಯಿ ಬಿಟ್ಟು ದೂರ ಸರಿದಳು.

ಅಮ್ಮ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿದರು. ಆಮೇಲೆ ನನ್ನ ಕಿವಿಯಲ್ಲಿ, "ಕತೆ ಒಳ್ಳೆದುಂಟು. ಆದ್ರೆ ನೀರುಳ್ಳಿಗೆ ಆಫರ್ ಉಂಟಂತೆ, ಬೋರ್ಡು ನೋಡು, ಎರಡು ಚೀಲ ತಗೊಳ್ಳುವನಾ?" ಎಂದರು.

ಭಾವನಿಗೆ ಈ ಹುಚ್ಚು ಹಿಡಿದದ್ದು ಹೇಗೆ ಅಂತೀರಾ? ಅವರು ದುಬೈಗೆ ಬಂದ ಹೊಸತು. ಹೊರಗೆ ಜುಲೈ ತಿಂಗಳ ಬಿಸಿಲು, ಕಾರಿನ ಬಾಗಿಲು ಮುಟ್ಟಿದರೆ ಬೊಬ್ಬೆ ಏಳುವಂಥದ್ದು. ಹೋಟೆಲಿನ ಎದುರುಗಡೆಯ ಶಾಪಿಂಗ್ ಸೆಂಟರಿನಲ್ಲಿ ರಿಂಕ್ ಇತ್ತು. ಹೋಟೆಲಿಗೆ ಬಂದಿದ್ದ ಅತಿಥಿಯೊಬ್ಬರಿಗೆ ದಾರಿ ತೋರಿಸಲು ಇವರನ್ನು ಕಳಿಸಿದರು. ಬಾಗಿಲು ತೆಗೆದರೆ ಏನು ನೋಡುವುದು! ಇಲ್ಲಿನವರ ಬಿಳಿ ನಿಲುವಂಗಿ, ಕಂದೂರ ತೊಟ್ಟ ಹುಡುಗರು ಹಕ್ಕಿಗಳ ಹಾಗೆ ಹಾರಿಕೊಂಡು ಹೋಗುತ್ತಿದ್ದಾರೆ! ನಮ್ಮ ಭಾವನಿಗೆ ಅಲ್ಲಿಯವರೆಗೆ ಐಸ್ ಎಂದರೆ ಮಲ್ಪೆ ಬಂದರಿನ ಬಂಗುಡೆ ಪೆಟ್ಟಿಗೆ ಮಾತ್ರ. "ನಾನು ಮೊದಲು ಹುಡುಕಿದ್ದು ಮೀನು ಎಲ್ಲಿ ಅಂತ ಮಾರಾಯ್ತಿ!" ಎಂದು ಈಗಲೂ ಹೇಳುತ್ತಾರೆ. ಅತಿಥಿ ಆಟ ಮುಗಿಸಿ ಹೋಟೆಲಿಗೆ ಮರಳಿದರು. ದಾರಿ ತೋರಿಸಲು ಹೋದವರು ಮರಳಲಿಲ್ಲ. ಹುಡುಕಿಕೊಂಡು ಹೋದ ಮ್ಯಾನೇಜರಿಗೆ ಇವರು ಸಿಕ್ಕಿದ್ದು ಅಂಗಳದ ಕಟಕಟೆಗೆ ಜೋತುಬಿದ್ದ ಸ್ಥಿತಿಯಲ್ಲಿ. ಕಾಲು ಒಂದು ಬಹ್ರೇನಿನ ಕಡೆಗೆ, ಇನ್ನೊಂದು ಒಮಾನಿನ ಕಡೆಗೆ!

ಅಂದಿನಿಂದ ರಜೆ ಸಿಕ್ಕಿತೆಂದರೆ ರಿಂಕ್. ಬಿದ್ದರು, ಎದ್ದರು, ಕೊನೆಗೂ ಕಲಿತರು. ಮದುವೆಯಾಗಿ ಬಂದ ಅಕ್ಕನನ್ನು ಮೊದಲು ತೋರಿಸಲು ಕರೆದುಕೊಂಡು ಹೋದದ್ದೂ ಅಲ್ಲಿಗೇ. ರೇಷ್ಮೆ ಸೀರೆಯಲ್ಲಿ ಹೋದ ಅಕ್ಕ ಸ್ವೆಟರ್ ಇಲ್ಲದೆ ನಡುಗುತ್ತಾ, "ಇವರು ನನ್ನನ್ನು ಕೋಲ್ಡ್ ಸ್ಟೋರೇಜಿಗೆ ಮದುವೆ ಮಾಡ್ಕೊಂಡು ಬಂದಿದ್ದಾರೆ" ಎಂದು ಊರಿಗೆ ಫೋನ್ ಮಾಡಿ ಅತ್ತಳಂತೆ.

ಇನ್ನು ಕರ್ಲಿಂಗ್ ಕತೆ ಹೇಳದಿದ್ದರೆ ಭಾವನಿಗೆ ಅನ್ಯಾಯವಾಗುತ್ತದೆ. ಅಷ್ಟು ಹೊತ್ತಿಗೆ ನಾನೂ ಮದುವೆಯಾಗಿ ದುಬೈಗೆ ಬಂದಿದ್ದೆ. ರಿಂಕಿನಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರೊಬ್ಬರು ಊರಿಂದ ಭಾರೀ ಭಾರೀ ಕಲ್ಲುಗಳನ್ನು ತರಿಸಿ ಒಂದು ಹೊಸ ಆಟ ಶುರು ಮಾಡಿದರು. ಆಟ ಸುಲಭ. ಹಿಡಿಕೆ ಇರುವ ದುಂಡು ಕಲ್ಲನ್ನು ಹಿಮದ ಮೇಲೆ ಜಾರಿಸಿ ಬಿಡುವುದು. ಆ ತುದಿಯಲ್ಲಿ ಬಣ್ಣದ ವೃತ್ತಗಳಿರುತ್ತವೆ. ಅದಕ್ಕೆ ಅವರು ಮನೆ ಎನ್ನುತ್ತಾರೆ. ("ದುಬೈಯಲ್ಲಿ ಬಾಡಿಗೆ ಇಲ್ಲದ ಮನೆ ಇದೊಂದೇ!" ಎಂದು ಭಾವ.) ಕಲ್ಲು ಆ ಮನೆಯ ನಡುವಿಗೆ ಹತ್ತಿರ ಹೋಗಿ ನಿಲ್ಲಬೇಕು. ಅದು ದೂರ ಹೋಗಲಿ ಅಂತ ಇಬ್ಬರು ಕಲ್ಲಿನ ಮುಂದೆ ಮುಂದೆ ಓಡುತ್ತಾ ಪೊರಕೆಯಿಂದ ಹಿಮವನ್ನು ಗುಡಿಸುತ್ತಾರೆ.

ಪೊರಕೆ! ಭಾವ ಅದನ್ನು ನೋಡಿದ್ದೇ ತಡ, ಓಡಿಬಂದು ನಮ್ಮ ಬಾಗಿಲು ಬಡಿದರು.

"ಗುಡಿಸುವ ಆಟ ಮಾರಾಯ್ತಿ! ಗುಡಿಸಿದ್ದಕ್ಕೆ ಕಪ್ಪು ಕೊಡ್ತಾರೆ! ಇದು ನಮ್ಮವರಿಗಲ್ಲದೆ ಮತ್ಯಾರಿಗೆ?"

ಹಾಗೆ ನಮ್ಮ ತಂಡ ತಯಾರಾಯಿತು. ಭಾವ, ಅಕ್ಕ, ನಾನು, ಮತ್ತೆ ಭಾವನ ಗೆಳೆಯ ಹೆನ್ರಿ. ಹೆನ್ರಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದ ಕೊಂಕಣಿ ಮನುಷ್ಯ, ಬಹಳ ಸಾಧು. ತಂಡದ ಹೆಸರು "ಹಿಡಿಸೂಡಿ ಇಲೆವೆನ್". ಊರಿನಲ್ಲಿ ಕಡ್ಡಿಯ ಪೊರಕೆಗೆ ನಾವು ಹಿಡಿಸೂಡಿ ಎನ್ನುತ್ತೇವಲ್ಲ, ಅದು.

"ಇರುದು ನಾಲ್ಕು ಜನ, ಇಲೆವೆನ್ ಯಾಕೆ?" ಎಂದು ಹೆನ್ರಿ ಕೇಳಿದ.

"ಕೇಳ್ಲಿಕ್ಕೆ ಚಂದ ಉಂಟು," ಎಂದರು ಭಾವ. ವಿಷಯ ಖಲಾಸ್.

ನಮ್ಮ ಮೊದಲ ಪಂದ್ಯ ರುವೈಸಿನಿಂದ ಬಂದ ತಂಡದ ಮೇಲೆ. ಅಲ್ಲಿನ ತೈಲ ಶುದ್ಧೀಕರಣ ಕಾರ್ಖಾನೆಯ ಎಂಜಿನಿಯರುಗಳು, ಮರುಭೂಮಿಯನ್ನು ಉದ್ದಕ್ಕೂ ದಾಟಿ ಬಂದಿದ್ದರು. ಎಲ್ಲರಿಗೂ ಒಂದೇ ಬಣ್ಣದ ಜಾಕೆಟ್ಟು. ನಮ್ಮಲ್ಲಿ ಅಕ್ಕ ಚೂಡಿದಾರದ ಮೇಲೆ ಭಾವನ ಹಳೆಯ ಕೋಟು, ಕೋಟಿನ ಮೇಲೆ ಶಾಲು, ತಲೆಗೆ ಮಫ್ಲರು. ಹಿಮದ ಮೇಲೆ ಬಂದು ನಿಂತರೆ ಯಾರೋ ಕಪಾಟು ತಂದಿಟ್ಟ ಹಾಗೆ! ಆದರೆ ಪೊರಕೆ ಕೈಗೆ ಬಂದದ್ದೇ, ಅಬ್ಬಬ್ಬಾ, ನಮ್ಮ ಅಕ್ಕನೇ ಬೇರೆ! ಭಾವ ಆ ತುದಿಯಿಂದ "ಯಲ್ಲಾ ಯಲ್ಲಾ, ಗುಡಿಸು, ಗುಡಿಸು!" ಎಂದು ಕಿರುಚುತ್ತಿದ್ದರೆ ಅಕ್ಕನ ಕೈ ಕಣ್ಣಿಗೆ ಕಾಣುತ್ತಿರಲಿಲ್ಲ. ಸ್ಕಾಟ್ಲೆಂಡಿನ ಎಂಜಿನಿಯರ್ ಬಾಯಿ ತೆರೆದು ನಿಂತುಬಿಟ್ಟರು. ನಾವು ಗೆಲ್ಲುವುದು ಗ್ಯಾರಂಟಿ ಎನ್ನುವಷ್ಟರಲ್ಲಿ ರುವೈಸಿನವರ ಕೊನೆಯ ಕಲ್ಲು ಬಂತು. ಬಂದ ಕಲ್ಲು ಅರ್ಧ ದಾರಿಯಲ್ಲೇ ಸುಸ್ತಾಗಿ ನಿಲ್ಲುವ ಲಕ್ಷಣ. ನಾವೆಲ್ಲ ಉಸಿರು ಬಿಗಿಹಿಡಿದಿದ್ದೇವೆ. ಅಷ್ಟರಲ್ಲಿ ಅಕ್ಕ ಓಡಿಹೋಗಿ ಆ ಕಲ್ಲಿನ ಮುಂದೆಯೂ ಗುಡಿಸಿಬಿಟ್ಟಳು! ಕಲ್ಲು ರಾಜಠೀವಿಯಿಂದ ಜಾರಿಕೊಂಡು ಹೋಗಿ ಮನೆಯ ನಟ್ಟನಡುವೆ ಕೂತಿತು. ಅದು ನಿಯಮಕ್ಕೆ ವಿರುದ್ಧವೇ. ಆದರೆ ಎದುರಾಳಿಯನ್ನು ಗೆಲ್ಲಿಸುವುದಕ್ಕೆ ಯಾರಾದರೂ ನಿಯಮ ಮುರಿದರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಭಾವನೇ ಮುಂದೆ ಹೋಗಿ ರುವೈಸಿನವರ ಕೈ ಕುಲುಕಿ ಬಂದರು.

"ಅದು ಅವರ ಕಲ್ಲು!" ಎಂದರು ಅಕ್ಕನಿಗೆ, ತಲೆಯ ಮೇಲೆ ಕೈ ಹೊತ್ತು.

"ಯಾರದ್ದಾದ್ರೆ ಎಂತ? ಗುಡಿಸ್ಲಿಕ್ಕೆ ಕರ್ದದ್ದು ನೀವಲ್ವಾ? ಅರ್ಧ ಅಂಗಳ ಗುಡಿಸಿ ಬಿಡ್ಲಿಕ್ಕೆ ನನಗೆ ಆಗುದಿಲ್ಲ," ಎಂದಳು ಅಕ್ಕ.

ಸೋತದ್ದಕ್ಕೆ ಭಾವನಿಗೆ ಬೇಸರವಾಯಿತೇ? ಎಲ್ಲಿಯ ಬೇಸರ! ಮುಂದಿನ ರಜೆಯಲ್ಲಿ ಊರಿಗೆ ಹೋದವರು ನೇರ ಕಾರ್ಕಳದ ಶಿಲ್ಪಿಯೊಬ್ಬರ ಬಳಿ ಹೋಗಿ ಚಿತ್ರ ಬರೆದು ತೋರಿಸಿದರು. ಕಾರ್ಕಳದ ಕಲ್ಲಿನಲ್ಲಿ ಮೂರ್ತಿ ಮಾಡಬಹುದಾದರೆ ಕರ್ಲಿಂಗ್ ಕಲ್ಲು ಯಾಕೆ ಮಾಡಬಾರದು ಎಂಬುದು ಅವರ ವಾದ. ಶಿಲ್ಪಿ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಯಾವ ದೇವರು ಮಾರ್ರೆ?" ಎಂದರಂತೆ. ಅಂತೂ ಕಲ್ಲು ತಯಾರಾಯಿತು. ಅದೊಂದನ್ನು ಇಟ್ಟರೆ ವಿಮಾನದ ಲಗೇಜು ತುಂಬಿತು. ಅಕ್ಕ ಕಟ್ಟಿಟ್ಟ ಹಪ್ಪಳ, ಸಂಡಿಗೆ, ಕುಚ್ಚಲಕ್ಕಿ ಎಲ್ಲವೂ ಮನೆಯಲ್ಲೇ ಉಳಿದವು. ದುಬೈ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪೆಟ್ಟಿಗೆ ತೆರೆಸಿದ.

"ಏನಿದು?"

"ಕರ್ಲಿಂಗ್ ಸ್ಟೋನ್," ಎಂದರು ಭಾವ ಹೆಮ್ಮೆಯಿಂದ.

ಅಧಿಕಾರಿ ಒಮ್ಮೆ ಕಲ್ಲನ್ನು ನೋಡಿದ, ಒಮ್ಮೆ ಅಕ್ಕನ ಗುಂಗುರು ಕೂದಲನ್ನು ನೋಡಿದ. "ಕೂದಲು ಗುಂಗುರು ಮಾಡ್ಲಿಕ್ಕೆ ಇಷ್ಟು ಭಾರದ್ದನ್ನು ತಲೆಗೆ ಕಟ್ಟಿಕೊಳ್ಳುತ್ತೀರಾ ಮೇಡಂ?" ಎಂದು ಮರುಕದಿಂದ ಕೇಳಿದ!

ಅಷ್ಟೆಲ್ಲ ಪಡಿಪಾಟಲು ಪಟ್ಟು ತಂದ ಕಲ್ಲು ಹಿಮದ ಮೇಲೆ ಜಾರಿತೇ? ಇಲ್ಲ. ತಳ ಒರಟಾಗಿತ್ತೋ ಏನೋ, ಗರಗಸದ ಹಾಗೆ ಗೀರುತ್ತಾ ಹೋಗಿ ಅಂಗಳದಲ್ಲಿ ಉದ್ದ ಗಾಯ ಮಾಡಿತು. ರಿಂಕಿನವರು ಕಲ್ಲನ್ನೂ ಭಾವನನ್ನೂ ಒಟ್ಟಿಗೆ ಹೊರಗೆ ಕಳಿಸಿದರು. ಈಗ ಅದು ಅಕ್ಕನ ಅಡುಗೆಮನೆಯಲ್ಲಿ ಉಪ್ಪು ಮಾವಿನಕಾಯಿಯ ಭರಣಿಯನ್ನು ಒತ್ತಿ ಹಿಡಿದು ಕೂತಿದೆ. "ಹುಟ್ಟಿದ್ದಕ್ಕೆ ಒಂದು ಉಪಕಾರ ಆಯ್ತು," ಎನ್ನುತ್ತಾಳೆ ಅಕ್ಕ. ಕಲ್ಲಿಗೆ ಹೇಳುವುದೋ ಭಾವನಿಗೆ ಹೇಳುವುದೋ ಇವತ್ತಿಗೂ ಗೊತ್ತಾಗಿಲ್ಲ.

ಆಮೇಲೆ ದೊಡ್ಡ ದೊಡ್ಡ ಮಾಲುಗಳು ಬಂದವು. ಹೊಸ ರಿಂಕುಗಳು ಬಂದವು. ನಮ್ಮ ಹಳೆಯ ಶಾಪಿಂಗ್ ಸೆಂಟರಿಗೆ ಜನ ಬರುವುದು ಕಡಿಮೆಯಾಯಿತು. ಒಂದು ದಿನ ಬಾಗಿಲ ಮೇಲೆ ಮುಚ್ಚುತ್ತೇವೆಂಬ ಸೂಚನೆ ಅಂಟಿಸಿದರು. ಕೊನೆಯ ದಿನ ಭಾವ ರಜೆ ಹಾಕಿ ಹೋದರು, ನಾವೂ ಹೋದೆವು. ತಂಪು ಮಾಡುವ ಯಂತ್ರಗಳನ್ನು ನಿಲ್ಲಿಸಿದಾಗ ಅಷ್ಟು ವರ್ಷ ಗುಂಯ್ ಎನ್ನುತ್ತಿದ್ದ ಸದ್ದು ನಿಂತುಹೋಯಿತು. ಅಂಥದ್ದೊಂದು ಸದ್ದು ಅಲ್ಲಿತ್ತೆಂದು ನನಗೆ ಗೊತ್ತಾದದ್ದೇ ಆಗ. ಕೆಲಸದವರು ಗುದ್ದಲಿಯಿಂದ ಹಿಮ ಒಡೆದು ರಾಶಿ ಹಾಕುತ್ತಿದ್ದರೆ ಭಾವ ಅವರನ್ನು ಕೇಳಿ ಒಂದು ಥರ್ಮೋಕೋಲ್ ಪೆಟ್ಟಿಗೆ ತುಂಬ ಹಿಮದ ತುಂಡು ತಂದರು. ಅಕ್ಕನ ಫ್ರೀಜರಿನಿಂದ ಮೀನುಗಳೆಲ್ಲ ನಿರಾಶ್ರಿತರಾಗಿ ನಮ್ಮ ಮನೆಗೆ ಬಂದವು. ಎಷ್ಟೋ ಸಮಯದ ಬಳಿಕ ಕಟ್ಟಡದಲ್ಲಿ ಒಮ್ಮೆ ವಿದ್ಯುತ್ ಕೈಕೊಟ್ಟು ಎಲ್ಲ ಕರಗಿ ನೀರಾಯಿತು. ಭಾವ ಆ ನೀರನ್ನು ಒಂದು ತೊಟ್ಟೂ ಚೆಲ್ಲದೆ ಬಾಲ್ಕನಿಯ ಕರಿಬೇವಿನ ಗಿಡಕ್ಕೆ ಹೊಯ್ದರು. "ಇನ್ನು ನೋಡು, ನಮ್ಮ ಸಾರಿಗೆ ತಂಪು ಒಗ್ಗರಣೆ!" ಎಂದು ನಕ್ಕರು. ನಮ್ಮ ಲೋಟಗಳು ಮಾತ್ರ ಆ ದಿನ ಟಿಣ್ ಎನ್ನಲಿಲ್ಲ.

ರಿಂಕ್ ಇದ್ದ ಜಾಗಕ್ಕೆ ಸೂಪರ್ ಮಾರ್ಕೆಟ್ಟು ಬಂದ ಮೇಲೆ ಭಾವನ ಇತಿಹಾಸ ಪಾಠ ಶುರುವಾಯಿತು. ಪಾಠವೇನೋ ಸರಿ, ನಂಬುವವರು ಯಾರು? ಹೆನ್ರಿ ಮಗಳ ಮನೆಯೆಂದು ಮಂಗಳೂರಿಗೆ ಹೋಗಿಯಾಗಿತ್ತು. ನನ್ನ ಮಗನಂತೂ ಫೋನಿನಲ್ಲಿ ಹುಡುಕಿ ಹುಡುಕಿ, "ದೊಡ್ಡಪ್ಪಾ, ದೇರ್ ಈಸ್ ನಥಿಂಗ್! ಆರ್ ಯು ಶೂರ್?" ಎಂದುಬಿಟ್ಟ. ನಾನು ಅವನ ತಲೆಗೆ ಮೊಟಕಿದೆ. ಆದರೆ ಭಾವನ ಮುಖ ಸಣ್ಣದಾದದ್ದನ್ನು ನೋಡಿದೆ.

ಅದರ ಮೇಲೆ ಇನ್ನೊಂದು. ಸೂಪರ್ ಮಾರ್ಕೆಟ್ಟಿಗೆ ಕಣ್ಣೂರಿನ ಕಡೆಯ ಹೊಸ ಮ್ಯಾನೇಜರ್ ಬಂದ. ಭಾವ ಒಂದು ದಿನ ಬಿಲ್ಲಿಂಗ್ ಸಾಲಿನಲ್ಲಿ ನಿಂತಿದ್ದ ಹೆಂಗಸಿಗೆ, "ಮೇಡಂ, ನೀವು ಗೋಲಿಗೆ ಅಡ್ಡ ನಿಂತಿದ್ದೀರಿ" ಎಂದರಂತೆ. ಅವಳು ತುಂಬಿದ ಟ್ರಾಲಿಯನ್ನು ಅಲ್ಲೇ ಬಿಟ್ಟು ಓಡಿದಳಂತೆ! ಮ್ಯಾನೇಜರ್ ಕೈ ಮುಗಿದು, "ಸರ್, ಸಾಮಾನು ತಗೊಳ್ಳಿ, ಸಂತೋಷ. ಆದರೆ ಟೂರು, ಭಾಷಣ ಮಾಫಿ, ಎರಡೂ ಇಲ್ಲಿ ಬೇಡ. ಇನ್ನೊಂದು ಸಲ ಆದರೆ ಒಳಗೆ ಬಿಡಲಿಕ್ಕೆ ಆಗುವುದಿಲ್ಲ," ಎಂದ.

ಭಾವ ಮನೆಗೆ ಬಂದು ಸುಮ್ಮನೆ ಕೂತರು. ತರಕಾರಿಯನ್ನು ಫೋನಿನಲ್ಲೇ ತರಿಸತೊಡಗಿದರು. ಮೇಲಿನ ಮಹಡಿಯಿಂದ ನಗು ಇಲ್ಲ, ಮಾತು ಇಲ್ಲ. ಕೊನೆಗೆ ಅಕ್ಕನೇ ಕೆಳಗೆ ಬಂದಳು. "ಇವರ ಮಾತು ಕೇಳಿ ಕೇಳಿ ಸಾಕಾಯ್ತು ಅಂತಿದ್ದೆ. ಈಗ ಮಾತಾಡದೆ ಇರುವುದು ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ನೀನಾದ್ರೂ ಒಮ್ಮೆ ಅಲ್ಲಿಗೆ ಕರ್ಕೊಂಡು ಹೋಗು."

ಶನಿವಾರ ಬೆಳಿಗ್ಗೆ ಹೋದೆವು. ಬಾಯಿ ತೆರೆಯುವುದಿಲ್ಲವೆಂದು ಭಾವನಿಂದ ಭಾಷೆ ತೆಗೆದುಕೊಂಡಿದ್ದೆ. ಭಾವ ಪಾಪ, ಶಾಲೆಗೆ ಮೊದಲ ದಿನ ಬಂದವರ ಹಾಗೆ ನನ್ನ ಟ್ರಾಲಿಯ ಪಕ್ಕದಲ್ಲಿ ನಡೆದರು. ನೀರುಳ್ಳಿಯ ಹತ್ತಿರ ಬಂದಾಗ ಮಾತ್ರ ತಡೆಯಲಾಗಲಿಲ್ಲ. ಬೆರಳಿನಿಂದ ನೆಲ ತೋರಿಸಿ ಪಿಸುಗುಟ್ಟಿದರು. ನನ್ನ ಜೊತೆ ಹಿಂದಿ ಮಾತಾಡಬೇಕಾದ ಯಾವ ಅಗತ್ಯವೂ ಇರಲಿಲ್ಲ, ಆದರೆ ಅಲ್ಲಿ ಎಷ್ಟೋ ವರ್ಷ ಹಿಂದಿಯಲ್ಲಿ ಪಾಠ ಮಾಡಿ ಅಭ್ಯಾಸವಾಗಿತ್ತು: "ಯಹೀಂ ಥಾ. ಬಿಲ್ಕುಲ್ ಸೆಂಟರ್."

"ಗಲತ್!" ಎಂದಿತು ಹಿಂದಿನಿಂದ ಒಂದು ಧ್ವನಿ.

ತಿರುಗಿ ನೋಡಿದರೆ ಬಿಳಿ ಕಂದೂರ ತೊಟ್ಟ, ಬಿಳಿ ಗಡ್ಡದ ಒಬ್ಬ ಎಮಿರಾತಿ ಹಿರಿಯರು. ಟ್ರಾಲಿಯಲ್ಲಿ ಒಂದೇ ಒಂದು ಬ್ರೆಡ್ಡು. ಈ ಊರಿನ ಹಳಬರಿಗೆ ಹಿಂದಿ ನಮಗಿಂತ ಚೆನ್ನಾಗಿ ಬರುತ್ತದೆ. "ಮಧ್ಯ ಇಲ್ಲಲ್ಲ. ಅಲ್ಲಿ, ಅಕ್ಕಿ ಮೂಟೆಗಳ ಹತ್ತಿರ," ಎಂದರು.

"ಹೇಗೆ ಸಾಧ್ಯ? ಬೂಟಿನ ಕೌಂಟರ್ ಆ ಕಡೆ ಇತ್ತಲ್ಲ!" ಎಂದರು ಭಾವ.

"ಇತ್ತು. ಆದರೆ ಕೆಫೆಯ ಗೋಡೆ ಇನ್ನೂ ಹಿಂದಕ್ಕಿತ್ತು. ನೀವು ಗೋಡೆಯನ್ನು ಮರೆತಿದ್ದೀರಿ!"

ತಪ್ಪು ಎನ್ನಿಸಿಕೊಂಡು ಒಬ್ಬ ಮನುಷ್ಯ ಅಷ್ಟು ಸಂತೋಷಪಟ್ಟದ್ದನ್ನು ನಾನು ಜೀವಮಾನದಲ್ಲಿ ನೋಡಿಲ್ಲ! ಭಾವನ ಕಣ್ಣು ಮಿಂಚಿತು, ಕೈ ಮೇಲೆ ಹೋಯಿತು, ಧ್ವನಿ ಛಾವಣಿಗೆ ಮುಟ್ಟಿತು. ಕೆಫೆಯ ಗೋಡೆಗೆ ಒಬ್ಬರು, ಬೂಟಿನ ಕೌಂಟರಿಗೆ ಒಬ್ಬರು ಪಟ್ಟು ಹಿಡಿದರು. ಬಾಡಿಗೆ ಬೂಟಿನ ವಾಸನೆ ಹೇಗಿತ್ತು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ, ಇಬ್ಬರೂ ಒಟ್ಟಿಗೆ ಮೂಗು ಮುಚ್ಚಿಕೊಂಡು ನಕ್ಕರು. ಆ ಕಡೆಯಿಂದ ಮ್ಯಾನೇಜರ್ ಬಿರಬಿರನೆ ಬರುತ್ತಿರುವುದು ಕಾಣಿಸಿತು. ಇವತ್ತಿಗೆ ಮುಗಿಯಿತು ಎಂದುಕೊಂಡೆ.

"ನೀವೂ ಸ್ಕೇಟಿಂಗ್ ಮಾಡ್ತಿದ್ರಾ?" ಎಂದು ಭಾವ ಕೇಳಿದರು.

"ನಾನು ಬೀಳುತ್ತಿದ್ದೆ. ಮಾಡುತ್ತಿದ್ದವಳು ನನ್ನ ಹೆಂಡತಿ," ಎಂದರು ಹಿರಿಯರು. "ಅಬಾಯಾದ ಅಂಚನ್ನು ಹೀಗೆ ಕೈಯಲ್ಲಿ ಹಿಡಿದು ಹೊರಟರೆ ಯಾರಿಗೂ ಸಿಗುತ್ತಿರಲಿಲ್ಲ. ಹೋದ ವರ್ಷ ತೀರಿಕೊಂಡಳು." ಟ್ರಾಲಿಯಲ್ಲಿದ್ದ ಬ್ರೆಡ್ಡಿನ ಪೊಟ್ಟಣವನ್ನು ನೆಟ್ಟಗೆ ಮಾಡಿಟ್ಟರು. "ಡ್ರೈವರನ್ನು ಕಳಿಸಿದರೆ ಸಾಲದೇ, ನೀವ್ಯಾಕೆ ಅಂಗಡಿಗೆ ಹೋಗುತ್ತೀರಿ ಅಂತ ಮಕ್ಕಳು ಕೇಳುತ್ತಾರೆ. ಅವಳನ್ನು ಮಣ್ಣು ಮಾಡಿದಲ್ಲಿಗೆ ಹೋದರೆ ನನಗೆ ಮಣ್ಣು ಮಾತ್ರ ಕಾಣುತ್ತದೆ. ಇಲ್ಲಿ ಅವಳು ಕಾಣುತ್ತಾಳೆ."

ಭಾವ ಎತ್ತಿದ ಕೈ ಇಳಿಸಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಅವರು ಯಾವ ಕಡೆಯಿಂದ ಬರ್ತಿದ್ರು? ನನಗೆ ತೋರಿಸ್ತೀರಾ?"

ಹಿರಿಯರು ತೋರಿಸಿದರು. ಇಬ್ಬರೂ ನಡೆಯತೊಡಗಿದರು. ಅಕ್ಕಿ ಮೂಟೆಗಳ ಪಕ್ಕದಿಂದ, ಎಣ್ಣೆ ಡಬ್ಬಿಗಳ ಮುಂದಿನಿಂದ, ಗೋಡೆಯುದ್ದಕ್ಕೂ ಸುತ್ತು. ಹಿರಿಯರು ಹೇಳುತ್ತಿದ್ದರು, ಭಾವ ಕೇಳುತ್ತಿದ್ದರು. ಮ್ಯಾನೇಜರ್ ನನ್ನ ಹತ್ತಿರ ಬಂದು ನಿಂತ. ಅವನಿಗೂ ಹಿಂದಿ ಗೊತ್ತಿತ್ತು, ಎಲ್ಲವೂ ಕೇಳಿಸಿತ್ತು. ಮುಂದೆ ಹೋಗಿ, ಅವರ ದಾರಿಗೆ ಅಡ್ಡ ಚಾಚಿಕೊಂಡಿದ್ದ ಸೋಪಿನ ಪುಡಿಯ ಅಟ್ಟಿಯನ್ನು ತಾನೇ ಪಕ್ಕಕ್ಕೆ ಎಳೆದ.

ಮೀನಿನ ಕೌಂಟರಿನ ತಿರುವಿನಲ್ಲಿ ಹಿರಿಯರು, ಹಿಮದ ಮೇಲೆ ತಿರುಗುವವರ ಹಾಗೆ, ಒಂದಿಷ್ಟು ಒಳಕ್ಕೆ ಬಾಗಿದರು. ಅವರ ಎಡಗೈ ತಾನಾಗಿ ಪಕ್ಕಕ್ಕೆ ಚಾಚಿತು. ಭಾವ ಅದನ್ನು ನೋಡಿದರು. ಆ ಕೈಯನ್ನು ಹಿಡಿಯಲಿಲ್ಲ. ಒಂದು ಹೆಜ್ಜೆ ಆಚೆ ಸರಿದು, ನಡುವೆ ಒಬ್ಬರಿಗೆ ಜಾಗ ಬಿಟ್ಟು ನಡೆದರು.